ಒತ್ತಿ, ಆಮೇಲೆ ತಿರುಗಿಸಿ: ಕಾರಿನ ಬ್ರೇಕ್ ಬಲ್ಬ್ ಬದಲಿಸುವ ಕೆಲಸವನ್ನು ವಿವರಿಸುವ ಬಗೆ

ಅಭ್ಯಾಸ ಬೋಧನೆಯ ಎರಡನೆಯ ವಾರದಲ್ಲಿ ಒಂದು ಸಂಜೆ, ಕಾಲೇಜಿನ ಗೇಟಿನ ಬಳಿ ನನ್ನ ಕಾರಿನ ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಪ್ರಶಿಕ್ಷಣಾರ್ಥಿಯೊಬ್ಬರು ಪಕ್ಕಕ್ಕೆ ಬಂದು ನಿಲ್ಲಿಸಿ ಹೇಳಿದರು: "ಸರ್, ನಿಮ್ಮ ಕಾರಿನ ಎಡಗಡೆ ಬ್ರೇಕ್ ಲೈಟ್ ಹತ್ತುತ್ತಿಲ್ಲ. ನೀವು ನಿಲ್ಲಿಸಿದ್ದು ಗೊತ್ತೇ ಆಗಲಿಲ್ಲ, ಇನ್ನೇನು ಗುದ್ದಿಬಿಡುತ್ತಿದ್ದೆ." ಅದು ಎಷ್ಟು ದಿನದಿಂದ ಹಾಗಿತ್ತೋ ನನಗೆ ತಿಳಿಯದು. ಬ್ರೇಕ್ ದೀಪ ಇರುವುದು ಹಿಂದಿನವರಿಗಾಗಿ. ಅದು ಕೆಟ್ಟರೆ ಕಾರಿನೊಳಗೆ ಕುಳಿತವನಿಗೆ ಏನೂ ಕಾಣಿಸುವುದಿಲ್ಲ.

ಗ್ಯಾರೇಜಿಗೆ ಕೊಟ್ಟಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಮರುದಿನ ವಿಜ್ಞಾನ ಬೋಧನಾ ವಿಧಾನದ ತರಗತಿಯಲ್ಲಿ ವಿವರಣಾ ಕೌಶಲದ ಸೂಕ್ಷ್ಮ ಬೋಧನೆ ಇತ್ತು. ಪ್ರತಿ ವರ್ಷವೂ ದ್ಯುತಿಸಂಶ್ಲೇಷಣೆ, ಜಲಚಕ್ರ ಎಂದು ಅದೇ ವಿಷಯಗಳನ್ನು ಎತ್ತಿಕೊಂಡು ಅದೇ ವಾಕ್ಯಗಳನ್ನು ಒಪ್ಪಿಸುವುದನ್ನು ಕೇಳಿ ಕೇಳಿ ಬೇಸರವಾಗಿತ್ತು. ಈ ಸಲ ಆರು ಮಂದಿಯನ್ನು ಕಾರಿನ ಬಳಿಗೇ ಕರೆದುಕೊಂಡು ಹೋದೆ. ಒಬ್ಬರು ವಿವರಿಸಬೇಕು, ಕೈ ಹಚ್ಚಬಾರದು. ಇನ್ನೊಬ್ಬರು ಕೇಳಿಸಿಕೊಂಡು ಮಾಡಬೇಕು, ಸ್ವಂತ ಬುದ್ಧಿ ಬಳಸಬಾರದು. ಉಳಿದ ನಾಲ್ವರು ವೀಕ್ಷಕರು.

ವಿವರಿಸಲು ಮುಂದೆ ಬಂದವರು ಅಣ್ಣನ ಗ್ಯಾರೇಜಿನಲ್ಲಿ ಬೆಳೆದ ಹುಡುಗ. ಇಂಥ ಬಲ್ಬುಗಳನ್ನು ಲೆಕ್ಕವಿಲ್ಲದಷ್ಟು ಬದಲಿಸಿದವರು. ಅವರ ವಿವರಣೆ ಚುಟುಕಾಗಿತ್ತು: "ಡಿಕ್ಕಿ ತೆಗೆಯಿರಿ. ಎರಡು ಸ್ಕ್ರೂ ಬಿಚ್ಚಿ. ಲೈಟನ್ನು ಹೊರಗೆ ಎಳೆಯಿರಿ. ಹೋಲ್ಡರ್ ತಿರುಗಿಸಿ ತೆಗೆಯಿರಿ. ಬಲ್ಬ್ ತಿರುಗಿಸಿ ತೆಗೆಯಿರಿ." ಮೊದಲ ನಾಲ್ಕು ಹೆಜ್ಜೆ ಸರಾಗವಾಗಿ ನಡೆದವು. ಐದನೆಯದರಲ್ಲಿ ಬಲ್ಬ್ ಅಲುಗಲಿಲ್ಲ. "ಇನ್ನೂ ಜೋರಾಗಿ ತಿರುಗಿಸಿ" ಎಂದರು. ಜೋರಾಗಿ ತಿರುಗಿಸಿದಾಗ ಗಾಜು ಹಿತ್ತಾಳೆಯ ಬುಡದಿಂದ ಕಳಚಿ ಕೈಗೆ ಬಂತು, ಬುಡ ಹೋಲ್ಡರಿನಲ್ಲೇ ಉಳಿಯಿತು. ಬಟ್ಟೆ ಸುತ್ತಿ ಹಿಡಿಯಿರಿ ಎಂದು ಮೊದಲೇ ಹೇಳಿದ್ದರಿಂದ ಬೆರಳು ಉಳಿಯಿತು.

"ಒತ್ತಿಕೊಂಡು ತಿರುಗಿಸಬೇಕಿತ್ತು" ಎಂದರು ವಿವರಣೆಕಾರರು.

"ನೀವು ಹೇಳಲಿಲ್ಲವಲ್ಲ?"

"ಅದು ಗೊತ್ತಿರುತ್ತಲ್ಲ ಸರ್!"

ಆ ದಿನದ ಪಾಠವೆಲ್ಲ ಈ ಒಂದು ಮಾತಿನಲ್ಲಿತ್ತು. ಕೆಲಸ ಚೆನ್ನಾಗಿ ಬಲ್ಲವನ ಕೈ ಮಾಡುವುದನ್ನು ಅವನ ಬಾಯಿ ಹೇಳುವುದಿಲ್ಲ. 'ತಿರುಗಿಸಿ' ಎಂಬ ಒಂದೇ ಮಾತನ್ನು ಅವರು ಎರಡು ಬೇರೆ ಬೇರೆ ಚಲನೆಗಳಿಗೆ ಬಳಸಿದ್ದರು. ಹೋಲ್ಡರನ್ನು ಸುಮ್ಮನೆ ಅಪ್ರದಕ್ಷಿಣವಾಗಿ ತುಸು ತಿರುಗಿಸಿದರೆ ಸಾಕು. ಬಲ್ಬನ್ನಾದರೋ ಮೊದಲು ಒಳಕ್ಕೆ ಒತ್ತಬೇಕು, ಒತ್ತಿದಂತೆಯೇ ತಿರುಗಿಸಬೇಕು, ಆಮೇಲೆ ಕೈ ಸಡಿಲಿಸಬೇಕು. ಬುಡದ ಎರಡು ಪಕ್ಕಗಳಲ್ಲಿರುವ ಚಿಕ್ಕ ಮೊಳೆಗಳು ಹೋಲ್ಡರಿನ ಕೊಕ್ಕೆಯಂಥ ಗಾಡಿಯಲ್ಲಿ ಕುಳಿತಿರುತ್ತವೆ, ತಳದ ಸ್ಪ್ರಿಂಗ್ ಅವನ್ನು ಮೇಲಕ್ಕೆ ನೂಕುತ್ತಿರುತ್ತದೆ. ಸ್ಪ್ರಿಂಗನ್ನು ಸೋಲಿಸದೆ ಮೊಳೆ ಕೊಕ್ಕೆಯಿಂದ ಬಿಡುವುದಿಲ್ಲ. ಈ ಕಾರಣ ತಿಳಿದರೆ ಹೆಜ್ಜೆಯನ್ನು ನೆನಪಿಟ್ಟುಕೊಳ್ಳಬೇಕಾದ ಅಗತ್ಯವೇ ಇಲ್ಲ.

ತಿಳಿದುದರಿಂದ ತಿಳಿಯದುದರ ಕಡೆಗೆ ಎಂಬ ಸೂತ್ರವನ್ನು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತೇವೆ. ಇಲ್ಲಿ ತಿಳಿದದ್ದು ಮನೆಯಲ್ಲೇ ಇದೆ. ನಮ್ಮ ಮನೆಗಳ ಸಾಮಾನ್ಯ ಬಲ್ಬ್ ಹೋಲ್ಡರ್ ಇದೇ ಜಾತಿಯದು. ಸ್ಟೂಲಿನ ಮೇಲೆ ನಿಂತು ಬಲ್ಬ್ ಹಾಕಿದ ಯಾವ ಮಗುವಿಗೂ ಒತ್ತಿ ತಿರುಗಿಸುವುದು ಗೊತ್ತು. "ಮನೆಯ ಬಲ್ಬ್ ತೆಗೆಯುವ ಹಾಗೆಯೇ" ಎಂಬ ನಾಲ್ಕು ಪದ ಸೇರಿಸಿದ್ದರೆ ಆ ಗಾಜು ಕಳಚುತ್ತಿರಲಿಲ್ಲ. ಆದರೆ ಹೋಲಿಕೆ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಮನೆಯ ಬಲ್ಬಿನ ಎರಡು ಮೊಳೆಗಳು ಒಂದೇ ಎತ್ತರದಲ್ಲಿರುತ್ತವೆ, ಯಾವ ಕಡೆಯಿಂದ ಹಾಕಿದರೂ ಕೂರುತ್ತದೆ. ನನ್ನ ಕಾರಿನ ಬ್ರೇಕ್ ಬಲ್ಬಿನಲ್ಲಿ ಒಂದು ಮೊಳೆ ತುಸು ಮೇಲೆ, ಇನ್ನೊಂದು ತುಸು ಕೆಳಗೆ. ಅದು ಒಂದೇ ರೀತಿಯಲ್ಲಿ ಕೂರಬೇಕು.

ಏಕೆಂದರೆ ಅದರೊಳಗೆ ಎರಡು ತಂತುಗಳಿವೆ. ಬುಡದ ಮೇಲೆ 12 ವೋಲ್ಟ್, 21/5 ವ್ಯಾಟ್ ಎಂದು ಅಚ್ಚಾಗಿರುತ್ತದೆ. 5 ವ್ಯಾಟಿನ ತಂತು ರಾತ್ರಿ ಹೆಡ್‌ಲೈಟ್ ಹಾಕಿದಾಗ ಹಿಂದೆ ಸದಾ ಉರಿಯುವ ಮಂದ ಕೆಂಪು ದೀಪಕ್ಕೆ, 21 ವ್ಯಾಟಿನದು ಬ್ರೇಕ್ ಒತ್ತಿದಾಗ ಪ್ರಖರವಾಗಿ ಬೆಳಗುವುದಕ್ಕೆ. ಮೊಳೆಗಳ ಎತ್ತರ ನೋಡದೆ ಬಲವಂತವಾಗಿ ತಿರುವುಮುರುವಾಗಿ ತುರುಕಿದರೆ ತಳದ ಎರಡು ಸಂಪರ್ಕ ಬಿಂದುಗಳು ಅದಲುಬದಲಾಗುತ್ತವೆ. ಆಗ ರಾತ್ರಿಯೆಲ್ಲ 21 ವ್ಯಾಟ್ ಉರಿಯುತ್ತಿರುತ್ತದೆ, ಬ್ರೇಕ್ ಒತ್ತಿದಾಗ ಅದಕ್ಕೆ ಬರಿಯ 5 ವ್ಯಾಟ್ ಸೇರುತ್ತದೆ. ಹಿಂದೆ ಬರುವವನ ಕಣ್ಣಿಗೆ ಏನೂ ಬದಲಾಗುವುದಿಲ್ಲ. ಬಲ್ಬ್ ಹೊಸದು, ಉರಿಯುವುದೂ ಹೌದು, ಹೇಳಬೇಕಾದದ್ದನ್ನು ಮಾತ್ರ ಅದು ಹೇಳುವುದಿಲ್ಲ. ಎಲ್ಲ ಕಾರುಗಳಲ್ಲೂ ಎರಡು ತಂತುಗಳ ಬಲ್ಬೇ ಇರುತ್ತದೆಂದಲ್ಲ. ಕೆಲವದರಲ್ಲಿ ಬ್ರೇಕಿಗೆ ಬೇರೆಯೇ ಒಂಟಿ ತಂತುವಿನ ಬಲ್ಬ್ ಇರುತ್ತದೆ. ಹೊಸ ಮಾದರಿಯ ಎಷ್ಟೋ ಕಾರುಗಳಲ್ಲಿ ಎಲ್‌ಇಡಿ ದೀಪ ಮುಚ್ಚಿದ ಘಟಕವಾಗಿರುತ್ತದೆ, ಅದಕ್ಕೆ ಮನೆಯಲ್ಲಿ ಕೈ ಹಚ್ಚುವ ಪ್ರಶ್ನೆಯೇ ಇಲ್ಲ. ಹಾಗಾಗಿ ಹಳೆಯ ಬಲ್ಬನ್ನೇ ಅಂಗಡಿಗೆ ಒಯ್ದು ಅಂಥದ್ದನ್ನೇ ತರುವುದು ಎಲ್ಲಕ್ಕಿಂತ ಸುಲಭ.

ನಾವು ಎರಡನೆಯ ಸುತ್ತು ಮಾಡಿದೆವು. ಈ ಬಾರಿ ವಿವರಿಸಿದವರು ನನ್ನನ್ನು ಎಚ್ಚರಿಸಿದ ಸ್ಕೂಟರಿನ ಪ್ರಶಿಕ್ಷಣಾರ್ಥಿ. ಅವರು ಕಾರಿನ ಬಾನೆಟ್ ಕೂಡ ತೆರೆದು ನೋಡಿದವರಲ್ಲ, ಆದ್ದರಿಂದಲೇ ಅವರ ವಿವರಣೆ ಚೆನ್ನಾಗಿತ್ತು ಎಂದು ನನ್ನ ಅಭಿಪ್ರಾಯ. ಬಿಚ್ಚುವ ಮೊದಲು ಏನು ಕೆಟ್ಟಿದೆ ಎಂದು ತಿಳಿಯಬೇಕೆಂದು ಅವರು ಶುರುಮಾಡಿದರು. ಎಡ, ಬಲ ಮತ್ತು ಹಿಂಗಾಜಿನ ಬಳಿಯ ಮೇಲಿನ ದೀಪ, ಈ ಮೂರರಲ್ಲಿ ಒಂದು ಮಾತ್ರ ಹತ್ತದಿದ್ದರೆ ಬಹುಮಟ್ಟಿಗೆ ಬಲ್ಬೇ ಹೋಗಿದೆ. ಮೂರೂ ಹತ್ತದಿದ್ದರೆ ಬಲ್ಬ್ ಬದಲಿಸಿ ಉಪಯೋಗವಿಲ್ಲ, ಫ್ಯೂಸನ್ನೋ ಬ್ರೇಕ್ ಪೆಡಲ್ ಬಳಿಯ ಸ್ವಿಚ್ಚನ್ನೋ ನೋಡಬೇಕು. ನೋಡಲು ಜೊತೆಗೆ ಯಾರೂ ಇಲ್ಲದಿದ್ದರೆ? ಮುಸ್ಸಂಜೆಯಲ್ಲಿ ಕಾರಿನ ಹಿಂಬದಿಯನ್ನು ಗೋಡೆಗೆ ಹತ್ತಿರವಾಗಿ ನಿಲ್ಲಿಸಿ ಬ್ರೇಕ್ ಒತ್ತಿ, ಕನ್ನಡಿಯಲ್ಲಿ ಗೋಡೆಯ ಮೇಲಿನ ಕೆಂಪು ಬೆಳಕನ್ನು ನೋಡಿದರಾಯಿತು. ಇದು ಅವರದೇ ಉಪಾಯ. ನನಗೆ ಹೊಳೆದಿರಲಿಲ್ಲ.

ಕೆಲಸಕ್ಕೆ ಮುಂಚೆ ಎಂಜಿನ್ ನಿಲ್ಲಿಸಿ, ಕೀ ತೆಗೆದು, ಹ್ಯಾಂಡ್ ಬ್ರೇಕ್ ಹಾಕಿ, ಬಲ್ಬ್ ಆರಲು ಐದು ನಿಮಿಷ ಬಿಡಬೇಕು. ಕೈಯ ಉಂಗುರ, ಬಳೆ ತೆಗೆದಿಡಬೇಕು. 12 ವೋಲ್ಟ್ ಮೈಗೆ ಶಾಕ್ ಹೊಡೆಯುವಷ್ಟಿಲ್ಲ, ಆದರೆ ಲೋಹ ಅಡ್ಡ ಬಿದ್ದರೆ ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಹರಿಸಬಲ್ಲದು, ಉಂಗುರ ಕಾದ ಕಬ್ಬಿಣವಾಗುತ್ತದೆ. ತರಗತಿಯಲ್ಲಿ ಇದನ್ನು ತೋರಿಸುವವರು "ಹೆದರಬೇಡಿ, ಮುಟ್ಟಬಹುದು" ಎಂದು ಹೇಳಿ ಸುಮ್ಮನಾಗಬಾರದು. ಅದೇ ಮಗು ಮನೆಗೆ ಹೋಗಿ 230 ವೋಲ್ಟಿನ ಹೋಲ್ಡರಿಗೆ ಬೆರಳಿಡಬಹುದು. ಬುಡ ಹೋಲ್ಡರಿನಲ್ಲಿ ಸಿಕ್ಕಿಕೊಂಡಿದ್ದರೆ ಚೂಪು ಮೂತಿಯ ಇಕ್ಕಳದಿಂದ ಅದರ ಅಂಚು ಹಿಡಿದು, ಇಲ್ಲೂ ಒತ್ತಿಯೇ, ತಿರುಗಿಸಬೇಕು. ಹೊಸ ಬಲ್ಬಿನ ಗಾಜನ್ನು ಮುಟ್ಟಬಾರದೆ ಎಂದು ಒಬ್ಬರು ಕೇಳಿದರು. ಆ ಕಟ್ಟುನಿಟ್ಟು ಹೆಡ್‌ಲೈಟಿನ ಹ್ಯಾಲೊಜನ್ ಬಲ್ಬಿಗೆ. ಇದಕ್ಕೆ ಬಟ್ಟೆಯಿಂದ ಒರೆಸಿ ಹಾಕಿದರೆ ಸಾಕು. ಸ್ಕ್ರೂ ಬಿಗಿಯುವ ಮೊದಲೇ ಹಿಂದಿನ ದೀಪ, ಬ್ರೇಕ್ ಎರಡನ್ನೂ ಪರೀಕ್ಷಿಸಬೇಕು. ಇದನ್ನು ಮರೆತು ನಾವು ಎರಡು ಸಲ ಸ್ಕ್ರೂ ಬಿಚ್ಚಿದೆವು.

ಮುಂದಿನ ವಾರ ಅದೇ ಪ್ರಶಿಕ್ಷಣಾರ್ಥಿ ಅಭ್ಯಾಸ ಶಾಲೆಯ ಹತ್ತನೆಯ ತರಗತಿಗೆ ಒಂದು ಹೊಸ ಬಲ್ಬ್ ಒಯ್ದರು. ವಿಷಯ ಸಮಾಂತರ ಜೋಡಣೆ. ಒಂದು ಬಲ್ಬ್ ಹೋದರೂ ಉಳಿದವು ಉರಿಯುತ್ತವೆ ಎಂಬುದನ್ನು ಪುಸ್ತಕ ಅನುಕೂಲವೆಂದು ಹೇಳುತ್ತದೆ. ಅವರು ಮಕ್ಕಳನ್ನು ಕೇಳಿದ ಪ್ರಶ್ನೆ: "ಇದರಿಂದ ತೊಂದರೆಯೂ ಇದೆಯೇ?" ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನಿಂದ ಉತ್ತರ ಬಂತು: "ಉಳಿದವು ಉರೀತಾ ಇರೋದ್ರಿಂದ ಒಂದು ಹೋಗಿದ್ದು ಗೊತ್ತೇ ಆಗಲ್ಲ ಮಿಸ್." ನನ್ನ ಕಾರಿನಲ್ಲಿ ಆದದ್ದೂ ಅದೇ. ಅದರ ಮೇಲೆ, ಅದೇ ಬಲ್ಬಿನ 5 ವ್ಯಾಟಿನ ತಂತು ಸರಿಯಾಗಿಯೇ ಇತ್ತು. ರಾತ್ರಿ ನಿಂತ ಕಾರನ್ನು ಹಿಂದಿನಿಂದ ನೋಡಿದವರಿಗೆ ಎರಡೂ ಕಡೆ ಕೆಂಪು ಕಾಣುತ್ತಿತ್ತು.

ಇಲ್ಲಿಯವರೆಗೆ ಪಾಠ ಸೊಗಸಾಗಿತ್ತು. ಮುಂದೆ ಅವರು ಕಪ್ಪುಹಲಗೆಯ ಮೇಲೆ 21 ವ್ಯಾಟಿನ ತಂತುವಿನ ರೋಧ ಲೆಕ್ಕ ಹಾಕಿಸಿದರು. 12ರ ವರ್ಗ 144, ಅದನ್ನು 21ರಿಂದ ಭಾಗಿಸಿದರೆ ಸುಮಾರು 6.9 ಓಮ್. ಒಬ್ಬ ಹುಡುಗ ಎದ್ದು ಬಂದು ಮೇಜಿನ ಮೇಲಿದ್ದ ಮಲ್ಟಿಮೀಟರಿನಿಂದ ಅದೇ ತಂತುವನ್ನು ಅಳೆದ. 0.9 ಎಂದು ತೋರಿಸಿತು. ಅವನು ಇನ್ನೊಮ್ಮೆ ಅಳೆದ, ಅಷ್ಟೇ. "ಮೀಟರ್ ಸರಿ ಇಲ್ಲ, ಕುಳಿತುಕೊಳ್ಳಿ" ಎಂದರು ನಮ್ಮವರು. ಹುಡುಗ ಕುಳಿತ.

ಆ ಹೊತ್ತಿಗೆ ನಾನು ವೀಕ್ಷಣಾ ಪುಟದಲ್ಲಿ 'ತರಗತಿ ನಿರ್ವಹಣೆ ಉತ್ತಮ' ಎಂದು ಬರೆದಾಗಿತ್ತು. ನಾಚಿಕೆಯಿಂದಲೇ ಹೇಳುತ್ತೇನೆ, ಏಳು ಓಮ್ ಎಲ್ಲಿ, ಒಂದಕ್ಕಿಂತ ಕಡಿಮೆ ಎಲ್ಲಿ ಎಂದು ನನಗೂ ಆ ಕ್ಷಣ ಹೊಳೆಯಲಿಲ್ಲ. ಕೊಠಡಿಯಿಂದ ಹೊರಗೆ ಬಂದ ಮೇಲೆ ಹೊಳೆಯಿತು. ಮೀಟರ್ ಸರಿಯಾಗಿಯೇ ಇತ್ತು. ಹುಡುಗ ಅಳೆದದ್ದು ತಣ್ಣಗಿನ ತಂತುವನ್ನು, ನಾವು ಲೆಕ್ಕ ಹಾಕಿದ್ದು ಎರಡು ಸಾವಿರ ಡಿಗ್ರಿಗೂ ಮೇಲೆ ಕಾದು ಬೆಳಗುವ ತಂತುವನ್ನು. ಕಾದಂತೆಲ್ಲ ಟಂಗ್‌ಸ್ಟನ್ನಿನ ರೋಧ ಏರುತ್ತದೆ. ತಣ್ಣಗಿರುವಾಗ ಅದು ಉರಿಯುವಾಗಿನದರ ಹತ್ತನೆಯ ಒಂದು ಭಾಗದಷ್ಟೋ ಇನ್ನೂ ಕಡಿಮೆಯೋ ಇರುತ್ತದೆ.

ಬಲ್ಬುಗಳು ಹೆಚ್ಚಾಗಿ ಹಾಕಿದ ಗಳಿಗೆಯಲ್ಲೇ ಸುಟ್ಟುಹೋಗುವುದು ಏಕೆ ಎಂಬುದಕ್ಕೂ ಉತ್ತರ ಇಲ್ಲೇ ಇತ್ತು. ಉರಿಯುವಾಗ ಈ ತಂತುವಿನಲ್ಲಿ ಹರಿಯುವುದು 1.75 ಆಂಪಿಯರ್. ತಣ್ಣಗಿನ ರೋಧವನ್ನಿಟ್ಟು ಲೆಕ್ಕ ಹಾಕಿದರೆ ಬ್ರೇಕ್ ಒತ್ತಿದ ಮೊದಲ ಕ್ಷಣದಲ್ಲಿ ಅದು ಹತ್ತು ಪಟ್ಟಿಗೂ ಹೆಚ್ಚು. ಕಣ್ಣು ಮಿಟುಕಿಸುವುದರೊಳಗೆ ತಂತು ಕಾದು ಪ್ರವಾಹ ಇಳಿಯುತ್ತದೆ, ಆದ್ದರಿಂದ ಫ್ಯೂಸ್ ಹೋಗುವುದಿಲ್ಲ. ಆದರೆ ಬಳಕೆಯಿಂದ ಟಂಗ್‌ಸ್ಟನ್ ಆವಿಯಾಗಿ ಎಲ್ಲಾದರೂ ತೆಳುವಾಗಿದ್ದರೆ ಆ ಜಾಗ ಬೇರೆಲ್ಲಕ್ಕಿಂತ ಬೇಗ ಕಾದು ಕಡಿಯುತ್ತದೆ. ಊರೊಳಗೆ ಓಡುವ ಕಾರಿನ ಬ್ರೇಕ್ ಬಲ್ಬ್ ದಿನಕ್ಕೆ ನೂರಾರು ಸಲ ಈ ಪೆಟ್ಟು ತಿನ್ನುತ್ತದೆ. ಹಳೆಯ ಬಲ್ಬಿನ ಗಾಜಿನ ಒಳಗೋಡೆಯ ಮೇಲಿನ ಕಪ್ಪು ಆ ಆವಿಯದೇ.

ಪ್ರಶಿಕ್ಷಣಾರ್ಥಿಯನ್ನು ಕರೆದು ಮಾತಾಡಿದೆ. "ನಾಳೆ ಹೋಗಿ ತಪ್ಪಾಯ್ತು ಅಂದರೆ ಮಕ್ಕಳು ಏನಂದುಕೊಳ್ಳುತ್ತಾರೆ ಸರ್?" ಎಂದರು. ಏನಂದುಕೊಳ್ಳುತ್ತಾರೋ ನನಗೂ ಗೊತ್ತಿರಲಿಲ್ಲ. ಹುಡುಗ ತಾನು ಕಣ್ಣಾರೆ ಕಂಡದ್ದನ್ನು ಬಿಟ್ಟು ನಮ್ಮ ಮಾತು ನಂಬಿ ಕುಳಿತಿದ್ದಾನೆ, ಅಷ್ಟಂತೂ ಗೊತ್ತು ಎಂದೆ.

ಮರುದಿನ ಅವರು ಪಾಠಯೋಜನೆಯನ್ನು ಬದಿಗಿಟ್ಟು ಆ ಹುಡುಗನನ್ನೇ ಮುಂದೆ ಕರೆದರು. "ನಿನ್ನೆ ನಿನ್ನ ಮೀಟರ್ ಸರಿ ಇತ್ತು, ನಾನು ಹೇಳಿದ್ದು ತಪ್ಪು" ಎಂದು ಹೇಳಿ ಮೂರು ಅಳತೆ ಮಾಡಿಸಿದರು. ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ 0.3, ತಣ್ಣಗಿನ ತಂತು 0.9, ಕಳೆದರೆ ತಂತುವಿನದು ಸುಮಾರು 0.6. ಆಮೇಲೆ ಸ್ಕೂಟರಿನ ಹಳೆಯ 12 ವೋಲ್ಟ್ ಬ್ಯಾಟರಿಯಿಂದ, ನಡುವೆ ಫ್ಯೂಸ್ ಇಟ್ಟು, ಬಲ್ಬನ್ನು ಅರ್ಧ ನಿಮಿಷ ಉರಿಸಿ, ಆರಿಸಿದ ತಕ್ಷಣ ಅಳೆಯಲು ಹೇಳಿದರು. ಹುಡುಗನ ಕೈ ಮೀಟರಿಗೆ ಹೋಗುವಷ್ಟರಲ್ಲಿ ತಂತು ಬಹುಪಾಲು ಆರಿಹೋಗಿತ್ತು, ಆದರೂ ಅಂಕಿ ಮೊದಲಿಗಿಂತ ಮೇಲಿದ್ದು ಎಲ್ಲರ ಕಣ್ಣೆದುರೇ ಇಳಿಯುತ್ತ ಬಂತು. ಇಡೀ ತರಗತಿ ಮೇಜಿನ ಸುತ್ತ ನೆರೆದಿತ್ತು. ವೀಕ್ಷಣಾ ಪುಟದಲ್ಲಿ 'ತರಗತಿ ನಿರ್ವಹಣೆ' ಎಂಬಲ್ಲಿ ಏನು ಬರೆಯಬೇಕೆಂದು ಯೋಚಿಸುತ್ತ ನಾನೂ ಎದ್ದು ಹೋಗಿ ಇಣುಕಿದೆ.

ಕೊನೆಗೆ ಹುಡುಗ ಕೇಳಿದ: "ಮಿಸ್, ಉರೀತಿರುವಾಗಲೇ ರೋಧ ಅಳೆಯೋದು ಹೇಗೆ?" ಉರಿಯುವಾಗ ಓಮ್ ಮೀಟರ್ ಇಡಬಾರದು, ವೋಲ್ಟ್ ಮತ್ತು ಆಂಪಿಯರನ್ನು ಬೇರೆ ಬೇರೆ ಅಳೆದು ಭಾಗಿಸಬೇಕು. ಅವರು ಅದನ್ನು ತಾವೇ ಹೇಳದೆ ಮರುದಿನದ ಪ್ರಯೋಗಕ್ಕೆ ಬಿಟ್ಟರು.