ನಿಮಗಿದು ಗೊತ್ತೆ? ಜಾಲತಾಣದ ಬೀಗಕ್ಕೆ ರೂಟ್ ಬೇಕಿಲ್ಲ

ಬ್ಯಾಕೋಡಿನಲ್ಲಿ ಕುಳಿತು ಊರಿನ ಶಾಲೆಗೋ ಸಹಕಾರ ಸಂಘಕ್ಕೋ ಜಾಲತಾಣ ನಡೆಸುವವರ ಸರ್ವರ್ ಇರುವುದು ಶರಾವತಿ ಹಿನ್ನೀರಿನಾಚೆ, ಎಲ್ಲೋ ದೂರದ ನಗರದಲ್ಲಿ. ಬಾಡಿಗೆಯ ಆ ಯಂತ್ರದಲ್ಲಿ ಅಡ್ಮಿನ್ ಅಧಿಕಾರ, ಅಂದರೆ ‘ರೂಟ್’, ಸಾಮಾನ್ಯವಾಗಿ ಸಿಗುವುದಿಲ್ಲ. ಆದರೂ ತಾಣಕ್ಕೆ ಬೀಗ ಹಾಕಿ ಅದನ್ನು ‘ಎಚ್‌ಟಿಟಿಪಿಎಸ್’ ಮಾಡುವ ಪ್ರಮಾಣಪತ್ರವನ್ನು ಉಚಿತವಾಗಿಯೇ ಪಡೆಯಬಹುದು.

ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರ ಡಿಸೆಂಬರ್‌ನಿಂದ ಇದನ್ನು ಎಲ್ಲರಿಗೂ ಕೊಡುತ್ತಿದೆ. ಅದನ್ನು ತಂದುಕೊಡುವ ಸರ್ಟ್‌ಬಾಟ್ ಎಂಬ ತಂತ್ರಾಂಶ ರೂಟ್ ಕೇಳುವುದೇಕೆ? ತನ್ನ ಕಡತಗಳನ್ನು ಅದು ಯಂತ್ರದ ಮೂಲ ಫೋಲ್ಡರ್‌ಗಳಲ್ಲಿ ಬರೆಯುತ್ತದೆ. ತಾನೇ ಸರ್ವರ್ ಆಗಿ ನಿಲ್ಲುವುದಾದರೆ 80ನೇ ಪೋರ್ಟ್ ಬೇಕು. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳು ಸಾಮಾನ್ಯ ಬಳಕೆದಾರರಿಗೆ ಮುಚ್ಚಿರುತ್ತವೆ. ಪರಿಹಾರ ಸುಲಭ. ಕಾನ್ಫಿಗ್, ವರ್ಕ್, ಲಾಗ್ ಎಂಬ ಮೂರೂ ಫೋಲ್ಡರ್‌ಗಳನ್ನು ನಿಮ್ಮ ಹೋಮ್ ಫೋಲ್ಡರ್‌ಗೆ ತಿರುಗಿಸಿ, ‘ವೆಬ್‌ರೂಟ್’ ವಿಧಾನ ಆರಿಸಿ. ಸರ್ಟ್‌ಬಾಟ್ ನಿಮ್ಮ ತಾಣದೊಳಗೆ ಒಂದು ಪುಟ್ಟ ಕಡತ ಇಡುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಅದನ್ನು ಓದಿ, ವಿಳಾಸ ನಿಮ್ಮದೇ ಎಂದು ಒಪ್ಪುತ್ತದೆ. ಬಂದ ಪತ್ರವನ್ನು ಅಳವಡಿಸಲು ಮಾತ್ರ ಹೋಸ್ಟಿಂಗ್‌ನ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಬೇಕು.

ಸಾಮಾನ್ಯ ಪತ್ರದ ಅವಧಿ ಸದ್ಯಕ್ಕೆ 90 ದಿನ. ಅವಧಿ ಮುಗಿಯುತ್ತಿದೆ ಎಂದು ಇಮೇಲ್ ಕಳಿಸುವುದನ್ನು ಸಂಸ್ಥೆ 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಹಾಗಾಗಿ ನವೀಕರಣದ ಆಜ್ಞೆಯನ್ನು, ನಿಗದಿತ ಸಮಯಕ್ಕೆ ಆಜ್ಞೆಗಳನ್ನು ತಾನೇ ನಡೆಸುವ, ಇಂದೇ ಕ್ರಾನ್‌ಗೆ ಸೇರಿಸಿಡಿ.