ಟಿಟಿಸೀ ಸರೋವರದ ದಂಡೆಯಲ್ಲಿ ಕುಟುಂಬದೊಡನೆ: ಬೆಲೆ, ತೆರಿಗೆ ಮತ್ತು ಲೆಕ್ಕ

ಜರ್ಮನಿಯ ಸ್ಟುಟ್‌ಗಾರ್ಟ್, ಹ್ಯಾನೋವರ್, ಡ್ಯುಸೆಲ್‌ಡಾರ್ಫ್ ಮೊದಲಾದ ನಗರಗಳಲ್ಲಿ ನಡೆಯುವ ಕೈಗಾರಿಕಾ ಮೇಳಗಳಿಗೆ ಕರ್ನಾಟಕದ ಸಣ್ಣ ತಯಾರಕರು ಹೋಗಿಬರುವುದು ಈಗ ಹೊಸ ಸಂಗತಿಯೇನಲ್ಲ. ಮೇಳದ ಕೆಲಸ ಮುಗಿದ ಮೇಲೆ ಪತ್ನಿ, ಮಕ್ಕಳು, ಕೆಲವೊಮ್ಮೆ ವಯಸ್ಸಾದ ತಂದೆತಾಯಿಗಳೊಡನೆ ಎರಡು ಮೂರು ದಿನ ವಿಹಾರಕ್ಕೆಂದು ಉಳಿಯುವವರೂ ಇದ್ದಾರೆ. ಹೀಗೆ ಉಳಿಯುವವರು ಸಾಮಾನ್ಯವಾಗಿ ಆರಿಸಿಕೊಳ್ಳುವ ಸ್ಥಳಗಳಲ್ಲಿ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಟಿಟಿಸೀ ಒಂದು. ಭಾರತದಿಂದ ಹೊರಡುವ ಅನೇಕ ಯೂರೋಪ್ ಪ್ರವಾಸಗಳ ಪಟ್ಟಿಯಲ್ಲಿಯೂ ಈ ಹೆಸರು ಇರುತ್ತದೆ.

ಇಂಥ ಪ್ರವಾಸದಲ್ಲಿ ಹಣ ಎಲ್ಲಿ ಹೋಗುತ್ತದೆ, ಅದರಲ್ಲಿ ಎಷ್ಟು ಹಿಂದಿರುಗಿ ಬರಬಹುದು, ಊರಿಗೆ ಮರಳಿದ ಮೇಲೆ ಅದನ್ನು ಲೆಕ್ಕಪುಸ್ತಕದಲ್ಲಿ ಹೇಗೆ ಬರೆಯಬೇಕು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿವರಿಸಲಾಗಿದೆ. ಜೊತೆಗೆ ಇಷ್ಟು ಚಿಕ್ಕ ಊರೊಂದು ತನ್ನ ವ್ಯಾಪಾರವನ್ನು ಕಟ್ಟಿಕೊಂಡ ಬಗೆಯೂ ವರ್ತಕರಿಗೆ ಗಮನಾರ್ಹವಾಗಿದೆ.

ಊರು ಮತ್ತು ದಾರಿ

ಟಿಟಿಸೀ ಸರೋವರವು ಸಮುದ್ರಮಟ್ಟದಿಂದ ಸುಮಾರು 845 ಮೀಟರ್ ಎತ್ತರದಲ್ಲಿದೆ. ಫೆಲ್ಡ್‌ಬರ್ಗ್ ಪರ್ವತದಿಂದ ಇಳಿದ ಹಿಮನದಿ ಕೊರೆದ ಕಣಿವೆಯಲ್ಲಿ ನೀರು ನಿಂತು ಉಂಟಾದ ಸರೋವರವಿದು. ಉದ್ದ ಸುಮಾರು ಎರಡು ಕಿಲೋಮೀಟರ್, ಆಳ ಸುಮಾರು 40 ಮೀಟರ್. ದಂಡೆಯ ಊರು 1971ರಲ್ಲಿ ಪಕ್ಕದ ನಾಯ್‌ಸ್ಟಾಟ್ ಪಟ್ಟಣದೊಡನೆ ಸೇರಿ ಟಿಟಿಸೀ-ನಾಯ್‌ಸ್ಟಾಟ್ ಎಂಬ ಪುರಸಭೆಯಾಯಿತು. ಇಡೀ ಪುರಸಭೆಯ ಜನಸಂಖ್ಯೆ ಸುಮಾರು 12,000. ನಮ್ಮಲ್ಲಿ ಒಂದು ಹೋಬಳಿ ಕೇಂದ್ರಕ್ಕೆ ಇರಬಹುದಾದಷ್ಟು ಜನ.

ಊರನ್ನು ಪ್ರವಾಸಿ ಸ್ಥಳವನ್ನಾಗಿ ಮಾಡಿದ್ದು ರೈಲು. ಫ್ರೈಬುರ್ಗ್ ನಗರದಿಂದ ಹ್ಯೊಲೆನ್‌ಟಾಲ್ ಕಣಿವೆಯನ್ನು ಏರಿ ಬರುವ ಮಾರ್ಗ 1887ರಲ್ಲಿ ಆರಂಭವಾಯಿತು. ಈಗ ಈ ಏರು ದಾರಿಯನ್ನು ಸುಮಾರು 40 ನಿಮಿಷಗಳಲ್ಲಿ ಕ್ರಮಿಸಬಹುದು. ಈ ಮಾರ್ಗಕ್ಕೂ ಭಾರತಕ್ಕೂ ಒಂದು ಪರೋಕ್ಷ ನಂಟಿದೆ. 1936ರಲ್ಲಿ ಇಲ್ಲಿ 20 ಕಿಲೋವೋಲ್ಟ್, 50 ಹರ್ಟ್ಸ್ ವಿದ್ಯುತ್ತಿನಿಂದ ರೈಲು ಓಡಿಸುವ ಪ್ರಯೋಗ ನಡೆಯಿತು. ಯುದ್ಧಾನಂತರ ಫ್ರೆಂಚ್ ಇಂಜಿನಿಯರರು ಅದನ್ನು ಅಧ್ಯಯನ ಮಾಡಿ 25 ಕಿಲೋವೋಲ್ಟ್ ಪದ್ಧತಿಯನ್ನು ರೂಪಿಸಿದರು. 1957ರಲ್ಲಿ ಭಾರತೀಯ ರೈಲ್ವೆ ಫ್ರೆಂಚ್ ರೈಲ್ವೆಯ ಸಲಹೆಯೊಡನೆ ಅದೇ ಪದ್ಧತಿಯನ್ನು ಆಯ್ದುಕೊಂಡಿತು.

ಕುಟುಂಬಕ್ಕೆ ಇಲ್ಲಿರುವ ಆಕರ್ಷಣೆಗಳು ಸರಳವಾದವು. ಸರೋವರದಲ್ಲಿ ದೋಣಿ ವಿಹಾರ, ದಂಡೆಯ ಸೀಸ್ಟ್ರಾಸೆ ಬೀದಿಯಲ್ಲಿ ನಡಿಗೆ, ಮಕ್ಕಳಿಗೆ 2010ರ ಕೊನೆಯಲ್ಲಿ ತೆರೆದ ಒಳಾಂಗಣ ಜಲಕ್ರೀಡಾ ಕೇಂದ್ರ, ಸಮೀಪದಲ್ಲಿ 1,493 ಮೀಟರ್ ಎತ್ತರದ ಫೆಲ್ಡ್‌ಬರ್ಗ್. ಬೇಸಿಗೆಯ ದಿನಗಳಲ್ಲಿ ಸೀಸ್ಟ್ರಾಸೆ ಬೀದಿಯಲ್ಲಿ ಪ್ರವಾಸಿ ಬಸ್ಸುಗಳಿಂದ ಇಳಿದವರ ಜಂಗುಳಿ ದಟ್ಟವಾಗಿರುತ್ತದೆ. ಅವರು ಒಂದೆರಡು ಗಂಟೆ ಕಳೆದು ಹೊರಟುಹೋಗುತ್ತಾರೆ. ರಾತ್ರಿ ತಂಗುವವರಿಗೆ ಬೆಳಗ್ಗೆ ಮತ್ತು ಸಂಜೆ ಶಾಂತವಾದ ಊರು ದೊರೆಯುತ್ತದೆ. ತಂಗುವವನಿಗೂ ಬಂದುಹೋಗುವವನಿಗೂ ಇರುವ ಈ ವ್ಯತ್ಯಾಸ ಹಣದ ಲೆಕ್ಕದಲ್ಲಿಯೂ ಇದೆ.

ತಂಗುವವರ ಮೇಲಿನ ಶುಲ್ಕ

ಹೋಟೆಲಿನ ಬಿಲ್ಲಿನಲ್ಲಿ ಕೊಠಡಿ ಬಾಡಿಗೆಯ ಹೊರತಾಗಿ ಕೂರ್‌ಟಾಕ್ಸೆ ಎಂಬ ಬಾಬು ಕಾಣುತ್ತದೆ. ಇದು ವಿಹಾರಧಾಮವೆಂದು ಮಾನ್ಯತೆ ಪಡೆದ ಊರುಗಳ ಪುರಸಭೆಗಳು ತಲಾ ಒಬ್ಬರಿಗೆ, ತಲಾ ಒಂದು ರಾತ್ರಿಗೆ ವಿಧಿಸುವ ಶುಲ್ಕ. ಮುಂಗಡ ಕಾಯ್ದಿರಿಸುವಾಗ ತೋರಿಸಿದ ದರದಲ್ಲಿ ಇದು ಅನೇಕ ವೇಳೆ ಸೇರಿರುವುದಿಲ್ಲ. ಐದು ಮಂದಿಯ ಕುಟುಂಬ ಮೂರು ರಾತ್ರಿ ತಂಗಿದರೆ ಹದಿನೈದು ರಾತ್ರಿಗಳ ಲೆಕ್ಕವಾಗುತ್ತದೆ. ಆದುದರಿಂದ ಮಕ್ಕಳಿಗಿರುವ ವಿನಾಯಿತಿಯನ್ನೂ ಸೇರಿಸಿ ಮೊದಲೇ ವಿಚಾರಿಸುವುದು ಲೇಸು.

ಆದರೆ ಈ ಶುಲ್ಕಕ್ಕೆ ಪ್ರತಿಫಲವಿದೆ. ಶುಲ್ಕ ತೆತ್ತ ಅತಿಥಿಗೆ ಹೋಟೆಲಿನವರು ಕೋನುಸ್ ಎಂಬ ಚೀಟಿಯನ್ನು ಕೊಡುತ್ತಾರೆ. ತಂಗುವ ಅವಧಿಯಲ್ಲಿ ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಬಸ್ಸುಗಳಲ್ಲಿಯೂ ಸ್ಥಳೀಯ ರೈಲುಗಳಲ್ಲಿಯೂ ಇದರಿಂದ ಉಚಿತವಾಗಿ ಸಂಚರಿಸಬಹುದು. ದೂರ ಸಂಚಾರದ ವೇಗದ ರೈಲುಗಳಿಗೆ ಇದು ಸಲ್ಲುವುದಿಲ್ಲ. ಚೀಟಿ ಹೋಟೆಲಿನಲ್ಲಿಯೇ ದೊರೆಯುವುದರಿಂದ ಊರಿಗೆ ಬರುವಾಗಿನ ಟಿಕೆಟ್ಟನ್ನು ಕೊಳ್ಳಲೇಬೇಕು. ಫ್ರೈಬುರ್ಗ್‌ಗೆ ಒಂದು ಸಲ ಕುಟುಂಬ ಸಮೇತ ಹೋಗಿ ಬಂದರೆ ಉಳಿಯುವ ರೈಲು ದರವನ್ನು ತೆತ್ತ ಶುಲ್ಕದೊಡನೆ ಹೋಲಿಸಿ ನೋಡಿದರೆ ಚೀಟಿಯ ಬೆಲೆ ತಿಳಿಯುತ್ತದೆ.

ಇದರ ಹಿಂದಿನ ವ್ಯವಸ್ಥೆಯನ್ನು ವರ್ತಕರು ಗಮನಿಸಬೇಕು. ನೂರಕ್ಕೂ ಹೆಚ್ಚು ಊರುಗಳು ಶುಲ್ಕದಲ್ಲಿ ಒಂದು ಸಣ್ಣ ಪಾಲನ್ನು ಸಾರಿಗೆ ಸಂಸ್ಥೆಗಳಿಗೆ ಒಟ್ಟಾಗಿ ಕೊಡುತ್ತವೆ. ಪ್ರತಿಯೊಬ್ಬ ಅತಿಥಿಯೂ ಪ್ರತಿದಿನ ಪ್ರಯಾಣ ಮಾಡುವುದಿಲ್ಲವಾದ್ದರಿಂದ ತಲಾ ಮೊತ್ತ ಕಡಮೆಯಾಗಿರುತ್ತದೆ. ಅತಿಥಿಗೆ ಅನುಕೂಲ, ಹೋಟೆಲಿಗೆ ಆಕರ್ಷಣೆ, ರಸ್ತೆಗಳ ಮೇಲೆ ಕಾರುಗಳ ಹೊರೆ ಇಳಿಮುಖ. ಒಂಟಿ ಹೋಟೆಲು ಮಾಡಲಾಗದ್ದನ್ನು ಸೀಮೆಯ ಹೋಟೆಲುಗಳೆಲ್ಲ ಕೂಡಿ ಮಾಡಿವೆ.

ಭಾನುವಾರದ ಅಂಗಡಿ

ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಭಾನುವಾರದ ವಿಶ್ರಾಂತಿಗೆ ಅಲ್ಲಿನ ಸಂವಿಧಾನದ ರಕ್ಷಣೆ ಇದೆ. ಅಂಗಡಿ ಮುಚ್ಚುವ ವೇಳೆಯ ಬಗ್ಗೆ 1956ರ ಒಕ್ಕೂಟ ಕಾಯ್ದೆಯೊಂದಿತ್ತು. 2006ರ ಸಂವಿಧಾನ ತಿದ್ದುಪಡಿಯ ನಂತರ ಈ ವಿಷಯ ರಾಜ್ಯಗಳಿಗೆ ಬಂತು. ಟಿಟಿಸೀ ಇರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2007ರಲ್ಲಿ ತನ್ನದೇ ಕಾಯ್ದೆಯನ್ನು ಮಾಡಿ ವಿಹಾರಧಾಮಗಳಿಗೆ ವಿನಾಯಿತಿ ನೀಡಿತು. ಇಂಥ ಊರುಗಳಲ್ಲಿ ಪ್ರವಾಸಿಗರಿಗೆ ಬೇಕಾದ ನಿಗದಿತ ಸರಕುಗಳನ್ನು ವರ್ಷದಲ್ಲಿ ಕೆಲವು ಭಾನುವಾರಗಳಂದು ಮಾರಬಹುದು.

ಹೀಗಾಗಿ ಸುತ್ತಮುತ್ತಲಿನ ನಗರಗಳ ಪೇಟೆ ಬೀದಿಗಳು ನಿರ್ಜನವಾಗಿರುವ ದಿನ ಸರೋವರದ ದಂಡೆಯಲ್ಲಿ ವ್ಯಾಪಾರ ಭರದಿಂದ ಸಾಗುತ್ತದೆ. ಆದರೆ ಹಾಲು, ಅಕ್ಕಿ, ತರಕಾರಿಯ ಅಂಗಡಿಗಳೂ ತೆರೆದಿರುತ್ತವೆ ಎಂದು ಭಾವಿಸಬಾರದು. ಅಡುಗೆಮನೆ ಇರುವ ವಸತಿಯನ್ನು ಹಿಡಿದ ಸಸ್ಯಾಹಾರಿ ಕುಟುಂಬಗಳು ಶನಿವಾರವೇ ದಿನಸಿ ಕೊಂಡಿಟ್ಟುಕೊಳ್ಳಬೇಕು.

ಕೋಗಿಲೆ ಗಡಿಯಾರವನ್ನು ಕೊಳ್ಳುವಾಗ

ಟಿಟಿಸೀಯ ಅಂಗಡಿಗಳಲ್ಲಿ ಮುಖ್ಯ ಸರಕು ಕೋಗಿಲೆ ಗಡಿಯಾರ. ಗಂಟೆಗೊಮ್ಮೆ ಕಿರುಬಾಗಿಲು ತೆರೆದು ಮರದ ಹಕ್ಕಿ ಹೊರಬಂದು ಕೂಗುತ್ತದೆ. ಒಳಗಿರುವ ಎರಡು ಸಣ್ಣ ತಿದಿಗಳು ಎರಡು ಸ್ವರಗಳನ್ನು ಹೊರಡಿಸುತ್ತವೆ. ಇದರ ಇಂದಿನ ರೂಪ ಒಂದು ಸ್ಪರ್ಧೆಯ ಫಲ. 1850ರಲ್ಲಿ ಫುರ್ಟ್‌ವಾಂಗೆನ್‌ನಲ್ಲಿ ಗಡಿಯಾರ ತಯಾರಿಕೆಯ ಶಾಲೆ ಸ್ಥಾಪನೆಯಾಯಿತು. ಅದರ ಮುಖ್ಯಸ್ಥ ರಾಬರ್ಟ್ ಗೆರ್ವಿಗ್ ಹೊಸ ವಿನ್ಯಾಸಗಳನ್ನು ಆಹ್ವಾನಿಸಿದಾಗ ವಾಸ್ತುಶಿಲ್ಪಿ ಫ್ರೀಡ್ರಿಕ್ ಐಸೆನ್‌ಲೋರ್ ರೈಲ್ವೆ ಕಾವಲುಗಾರನ ಮನೆಯ ಆಕಾರದ ಗಡಿಯಾರವನ್ನು ಸೂಚಿಸಿದ. ಹಳ್ಳಿಯ ಕುಶಲಕರ್ಮಿಗಳ ಕೈಕೆಲಸಕ್ಕೆ ಶಾಲೆ ಮತ್ತು ವಿನ್ಯಾಸಕಾರರ ನೆರವು ದೊರೆತು ಆ ಸರಕು ಜಗತ್ತಿಗೆಲ್ಲ ಪರಿಚಿತವಾಯಿತು.

ಕೊಳ್ಳುವವರು ಮೂರು ವಿಷಯಗಳನ್ನು ನೋಡಬೇಕು. ಮೊದಲನೆಯದು, ಗಡಿಯಾರ ಯಾಂತ್ರಿಕವೋ ಬ್ಯಾಟರಿಯದೋ ಎಂಬುದು. ತೂಗುಬಿದ್ದ ಗುಂಡುಗಳ ಭಾರದಿಂದ ನಡೆಯುವುದು ಯಾಂತ್ರಿಕ. ಬ್ಯಾಟರಿ ಗಡಿಯಾರದಲ್ಲಿಯೂ ಗುಂಡುಗಳು ತೂಗುವುದುಂಟು, ಆದರೆ ಅವು ಕೇವಲ ಅಲಂಕಾರ. ಎರಡನೆಯದು, ಯಾಂತ್ರಿಕ ಗಡಿಯಾರದ ನಡಿಗೆಯ ಅವಧಿ. ಒಂದು ದಿನದ ಗಡಿಯಾರದ ಸರಪಳಿಯನ್ನು ದಿನವೂ ಎಳೆಯಬೇಕು, ಎಂಟು ದಿನದ್ದನ್ನು ವಾರಕ್ಕೊಮ್ಮೆ ಎಳೆದರೆ ಸಾಕು. ಎರಡನೆಯ ಬಗೆಯ ಗುಂಡುಗಳು ದೊಡ್ಡವು, ಬೆಲೆಯೂ ಹೆಚ್ಚು. ಮೂರನೆಯದು, ಮೂಲದ ಪ್ರಮಾಣ. ಶ್ವಾರ್ಟ್ಸ್‌ವಾಲ್ಡ್ ಗಡಿಯಾರ ಸಂಘವು ಬ್ಲ್ಯಾಕ್ ಫಾರೆಸ್ಟ್‌ನಲ್ಲಿಯೇ ತಯಾರಾದ ಯಾಂತ್ರಿಕ ಗಡಿಯಾರಗಳಿಗೆ ಪ್ರಮಾಣಪತ್ರ ನೀಡುತ್ತದೆ. ಅಗ್ಗದ ಅನುಕರಣೆಗಳ ನಡುವೆ ಸಾಚಾ ಸರಕಿಗೆ ಬೆಲೆ ಉಳಿದಿರುವುದು ಇಂಥ ಪ್ರಮಾಣದಿಂದಲೇ. ಭೌಗೋಳಿಕ ಸೂಚಕ ಪಡೆದ ನಮ್ಮ ಚನ್ನಪಟ್ಟಣದ ಗೊಂಬೆ ತಯಾರಕರಿಗೂ ಈ ಮಾತು ಸಲ್ಲುತ್ತದೆ. ಸೂಚಕ ದೊರೆತರೆ ಸಾಲದು, ಅಂಗಡಿಯಲ್ಲಿ ನಿಂತ ಗಿರಾಕಿಯ ಕಣ್ಣಿಗೆ ಅದು ಕಾಣಬೇಕು.

ತೆರಿಗೆಯ ವಾಪಸಾತಿ

ಜರ್ಮನಿಯಲ್ಲಿ ಮೌಲ್ಯವರ್ಧಿತ ತೆರಿಗೆಯ ಸಾಮಾನ್ಯ ದರ 2007ರಿಂದ ಶೇ 19. 2020ರ ಉತ್ತರಾರ್ಧದಲ್ಲಿ ಮಾತ್ರ ತಾತ್ಕಾಲಿಕವಾಗಿ ಶೇ 16 ಇತ್ತು. ಹೋಟೆಲ್ ಕೊಠಡಿಗೆ 2010ರಿಂದ ಶೇ 7ರ ಇಳಿಸಿದ ದರ ಅನ್ವಯಿಸುತ್ತದೆ. ಅಂಗಡಿಯಲ್ಲಿ ಬರೆದಿರುವ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ.

ಯೂರೋಪ್ ಒಕ್ಕೂಟದ ಹೊರಗೆ ವಾಸಿಸುವವರು ಸರಕನ್ನು ತಮ್ಮ ಸಾಮಾನಿನೊಡನೆ ಹೊರಗೆ ಒಯ್ದರೆ ಈ ತೆರಿಗೆಯನ್ನು ಹಿಂದಕ್ಕೆ ಪಡೆಯಬಹುದು. 2020ರ ಜನವರಿಯಿಂದ ಖರೀದಿ 50 ಯೂರೋ ಮೀರಿರಬೇಕೆಂಬ ನಿಯಮವಿದೆ. ಹೋಟೆಲ್, ಊಟ, ದೋಣಿ ವಿಹಾರಗಳಿಗೆ ವಾಪಸಾತಿ ಇಲ್ಲ.

ಒಂದು ಉದಾಹರಣೆಯನ್ನು ನೋಡೋಣ. ಗಡಿಯಾರದ ಬೆಲೆ 238 ಯೂರೋ ಎಂದಿಟ್ಟುಕೊಂಡರೆ ಮೂಲ ಬೆಲೆ 200, ತೆರಿಗೆ 38. ತೆತ್ತ ಹಣದಲ್ಲಿ ತೆರಿಗೆಯ ಪಾಲು ಶೇ 19 ಅಲ್ಲ, ಶೇ 16ರ ಸಮೀಪ. ಮಧ್ಯವರ್ತಿ ಸಂಸ್ಥೆಯ ಮೂಲಕ ಪಡೆದರೆ ಅದರ ಸೇವಾಶುಲ್ಕ ಕಳೆದು ಉಳಿದದ್ದು ಕೈಸೇರುತ್ತದೆ. ಅಂಗಡಿಯವರು ವಾಪಸಾತಿಯ ವ್ಯವಸ್ಥೆಯನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಆದುದರಿಂದ ಹಣ ಕೊಡುವ ಮೊದಲೇ ಕೇಳಿ, ಪಾಸ್‌ಪೋರ್ಟ್ ತೋರಿಸಿ ನಮೂನೆಯನ್ನು ಪಡೆಯಬೇಕು.

ಅನೇಕರು ಹಣ ಕಳೆದುಕೊಳ್ಳುವುದು ಮುಂದಿನ ಹಂತದಲ್ಲಿ. ನಮೂನೆಗೆ ಸುಂಕದ ಅಧಿಕಾರಿಯ ಮೊಹರು ಬೀಳಬೇಕು. ಒಕ್ಕೂಟದಿಂದ ಹೊರಬೀಳುವ ಕೊನೆಯ ಠಾಣೆಯಲ್ಲಿ, ಸರಕನ್ನು ತೋರಿಸಿ, ಖರೀದಿಯ ತಿಂಗಳ ನಂತರದ ಮೂರು ತಿಂಗಳೊಳಗೆ ಇದನ್ನು ಪಡೆಯಬೇಕು. ಫ್ರಾಂಕ್‌ಫರ್ಟ್‌ನಿಂದ ನೇರವಾಗಿ ಭಾರತಕ್ಕೆ ಹೊರಡುವವರು, ಗಡಿಯಾರ ದೊಡ್ಡ ಪೆಟ್ಟಿಗೆಯಲ್ಲಿದ್ದರೆ, ಪೆಟ್ಟಿಗೆಯನ್ನು ವಿಮಾನ ಸಂಸ್ಥೆಗೆ ಒಪ್ಪಿಸಿಬಿಡುವ ಮುನ್ನ ಸುಂಕದವರಿಗೆ ತೋರಿಸಬೇಕು. ಟಿಟಿಸೀಯಿಂದ ರೈನ್ ಜಲಪಾತ ನೋಡಿ ಜ್ಯೂರಿಕ್‌ನಿಂದ ವಿಮಾನ ಹಿಡಿಯುವವರ ವಿಷಯ ಬೇರೆ. ಸ್ವಿಟ್ಜರ್ಲೆಂಡ್ ಷೆಂಗೆನ್ ವಲಯದಲ್ಲಿದ್ದರೂ ಯೂರೋಪ್ ಒಕ್ಕೂಟದಲ್ಲಿಲ್ಲ. ವೀಸಾ ಒಂದೇ ಆದ ಕಾರಣ ಗಡಿಯಲ್ಲಿ ಯಾರೂ ತಡೆಯದೆ ಬಸ್ಸು ಸಾಗಿಬಿಡಬಹುದು. ಆದರೆ ಮೊಹರು ಸಿಗುವುದು ಆ ಗಡಿಯ ಜರ್ಮನ್ ಠಾಣೆಯಲ್ಲಿಯೇ, ಜ್ಯೂರಿಕ್ ವಿಮಾನ ನಿಲ್ದಾಣದಲ್ಲಿ ಅಲ್ಲ. ಗುಂಪು ಪ್ರವಾಸದವರು ಚಾಲಕನಿಗೂ ವ್ಯವಸ್ಥಾಪಕನಿಗೂ ಹಿಂದಿನ ದಿನವೇ ತಿಳಿಸಿಡಬೇಕು.

ಕಾರ್ಡಿನಿಂದ ಹಣ ಕೊಡುವಾಗ ಯಂತ್ರವು ರೂಪಾಯಿಯಲ್ಲಿ ಪಾವತಿಸುವಿರಾ ಎಂದು ಕೇಳಿದರೆ ಯೂರೋವನ್ನೇ ಆರಿಸುವುದು ಸಾಮಾನ್ಯವಾಗಿ ಲಾಭದಾಯಕ. ರೂಪಾಯಿಯನ್ನು ಆರಿಸಿದರೆ ವಿನಿಮಯ ದರವನ್ನು ಅಲ್ಲಿನ ಸಂಸ್ಥೆ ತನ್ನ ಅಂತರವನ್ನು ಸೇರಿಸಿ ನಿಗದಿಪಡಿಸುತ್ತದೆ. ಭಾರತಕ್ಕೆ ಮರಳುವಾಗ ಸುಂಕರಹಿತ ಮಿತಿ ತಲಾ ಪ್ರಯಾಣಿಕನಿಗೆ ಅನ್ವಯಿಸುವುದರಿಂದ ಬೆಲೆಬಾಳುವ ಸರಕಿನ ಬಿಲ್ಲನ್ನು ಕೈಯಲ್ಲಿಟ್ಟುಕೊಂಡಿರಬೇಕು.

ಲೆಕ್ಕಪುಸ್ತಕದಲ್ಲಿ

ವ್ಯವಹಾರಕ್ಕಾಗಿಯೇ, ಸಂಪೂರ್ಣವಾಗಿ ಮಾಡಿದ ಖರ್ಚು ಮಾತ್ರ ಆದಾಯದಿಂದ ಕಳೆಯಲು ಅರ್ಹ ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ 37ನೇ ಕಲಮಿನ ತತ್ತ್ವ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿಯೂ ಅದು ಉಳಿದಿದೆ. ಐದು ದಿನ ಮೇಳ, ಮೂರು ದಿನ ಟಿಟಿಸೀ ಎಂದಾದರೆ ಮೇಳದ ದಿನಗಳ ಹೋಟೆಲ್, ಪ್ರವೇಶ ಶುಲ್ಕ, ಮೇಳವೇ ಪ್ರವಾಸದ ಮುಖ್ಯ ಉದ್ದೇಶವಾಗಿದ್ದಲ್ಲಿ ಮಾಲೀಕನ ವಿಮಾನ ದರ, ಇವು ವ್ಯವಹಾರದ ವೆಚ್ಚ. ಸರೋವರದ ದಂಡೆಯ ಮೂರು ದಿನಗಳೂ ಕುಟುಂಬದ ಟಿಕೆಟ್ಟುಗಳೂ ಸ್ವಂತ ಖರ್ಚು. ಮಾಲೀಕನ ಅಥವಾ ಪಾಲುದಾರನ ಡ್ರಾಯಿಂಗ್ಸ್ ಖಾತೆಗೆ ಅವನ್ನು ಹಾಕಬೇಕು. ಖಾಸಗಿ ಕಂಪನಿ ಅದನ್ನು ಭರಿಸಿದರೆ ವೇತನ ಪಡೆಯುವ ನಿರ್ದೇಶಕನ ಕೈಯಲ್ಲಿ ಅದು ತೆರಿಗೆಗೆ ಒಳಪಡುವ ಸವಲತ್ತಾಗುತ್ತದೆ.

ಎಲ್ಲವನ್ನೂ 'ವಿದೇಶ ಪ್ರವಾಸ' ಎಂಬ ಒಂದೇ ತಲೆಬರಹದಡಿ ಬರೆಯುವ ರೂಢಿ ಅಪಾಯಕಾರಿ. ತೆರಿಗೆ ಲೆಕ್ಕಪರಿಶೋಧನೆಯಲ್ಲಿ ಖಾಸಗಿ ವೆಚ್ಚವನ್ನು ಪ್ರತ್ಯೇಕವಾಗಿ ತೋರಿಸಬೇಕಾಗುತ್ತದೆ. ಪುರಾವೆಯಿಲ್ಲದ ಖರ್ಚನ್ನು ಪುಸ್ತಕದಲ್ಲಿ ದಾಖಲಿಸುವುದು ತಪ್ಪು ವರದಿ ಎಂದು ತೀರ್ಮಾನವಾದರೆ ತೆರಿಗೆಯ ಮೇಲೆ ಅದರ ಶೇ 200ರಷ್ಟು ದಂಡ ಬೀಳಬಹುದು. ಮೇಳದ ಪ್ರವೇಶಪತ್ರ, ಭೇಟಿಯಾದವರ ವಿಸಿಟಿಂಗ್ ಕಾರ್ಡುಗಳು, ನಂತರದ ಪತ್ರವ್ಯವಹಾರ, ದಿನವಾರು ಕಾರ್ಯಕ್ರಮದ ಒಂದು ಪುಟ ಇಷ್ಟನ್ನು ಕಡತದಲ್ಲಿ ಇಟ್ಟರೆ ವ್ಯವಹಾರದ ಭಾಗ ಗಟ್ಟಿಯಾಗಿ ನಿಲ್ಲುತ್ತದೆ. ಪ್ರವಾಸ ಸಂಸ್ಥೆಯ ಪ್ಯಾಕೇಜಿನ ಮೇಲೆ 2020ರ ಅಕ್ಟೋಬರ್‌ನಿಂದ ಮೂಲದಲ್ಲಿಯೇ ಸಂಗ್ರಹಿಸಲಾಗುವ ತೆರಿಗೆಯ ದರಗಳು ಹಲವು ಸಲ ಬದಲಾಗಿವೆ. ದರ ಎಷ್ಟೇ ಇರಲಿ, ಅದು ಖರ್ಚಲ್ಲ. ಯಾರ ಪ್ಯಾನ್ ಸಂಖ್ಯೆಯಲ್ಲಿ ಜಮೆಯಾಗಿದೆಯೋ ಅವರು ತಮ್ಮ ತೆರಿಗೆಯಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು. ಮುಂಗಡ ತೆರಿಗೆಯನ್ನು ಲೆಕ್ಕ ಹಾಕುವಾಗಲೇ ಅದನ್ನು ಗಣನೆಗೆ ತೆಗೆದುಕೊಳ್ಳುವುದು ಉಚಿತ.

ಪ್ರವಾಸಕ್ಕೆ ಹೊರಡುವ ಮುನ್ನ ಎರಡು ಲಕೋಟೆಗಳನ್ನು ಸಿದ್ಧಮಾಡಿಕೊಂಡು, ಒಂದರಲ್ಲಿ ಮೇಳದ ಬಿಲ್ಲುಗಳನ್ನೂ ಮತ್ತೊಂದರಲ್ಲಿ ಕುಟುಂಬದ ಬಿಲ್ಲುಗಳನ್ನೂ ಆಯಾ ದಿನವೇ ಹಾಕಿಡುವುದು ಅತ್ಯಂತ ಸುಲಭವಾದ ಕ್ರಮ. ಲೆಕ್ಕಿಗನಿಗೆ ಆ ಎರಡು ಲಕೋಟೆಗಳನ್ನು ಒಪ್ಪಿಸಿದರೆ ಮಾರ್ಚ್ ಕೊನೆಯಲ್ಲಿ ನೆನಪಿನಿಂದ ಬರೆಯುವ ಪ್ರಸಂಗ ಬರುವುದಿಲ್ಲ.