ಹಂಟ್ ಹೌಸಿನ ಜಾತಕಗಳು

ಇಂಗ್ಲೆಂಡಿನ ನಾರ್ತಾಂಪ್ಟನ್‌ಷೈರಿನಲ್ಲಿ ಪೌಲರ್ಸ್‌ಪರಿ ಎಂಬುದೊಂದು ಗ್ರಾಮ. ಬಂಗಾಳದ ಶ್ರೀರಾಮಪುರದಲ್ಲಿ ನೆಲೆಸಿ, ಕನ್ನಡ ಭಾಷೆಗೊಂದು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ರಚಿಸಿ, 1817ರಲ್ಲಿ ಅಲ್ಲಿಯ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದ ವಿಲಿಯಂ ಕೇರಿಯು 1761ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ ಆದುದರಿಂದ, ಕನ್ನಡಿಗರು ಇದರ ಹೆಸರನ್ನು ಕೃತಜ್ಞತೆಯಿಂದ ನೆನೆಯುವುದು ಯುಕ್ತವೇ ಸರಿ. ಆದರೆ ನಾನಿಲ್ಲಿ ಪರಿಚಯಿಸಹೊರಟಿರುವುದು ಅದೇ ಊರಿನ ಹಂಟ್ ಹೌಸ್ ಎಂಬ ಕಟ್ಟಡದಲ್ಲಿ ನೆಲೆಗೊಂಡಿರುವ, 1957ರಲ್ಲಿ ಸ್ಥಾಪಿತವಾದ, ರೋಲ್ಸ್‌ರಾಯ್ಸ್ ಎಂಥೂಸಿಯಾಸ್ಟ್ಸ್ ಕ್ಲಬ್ ಎಂಬ ಸಂಸ್ಥೆಯನ್ನು. ರೋಲ್ಸ್‌ರಾಯ್ಸ್ ಮತ್ತು ಬೆಂಟ್ಲಿ ಕಾರುಗಳನ್ನು ಸಾಕಿದವರ, ಸಾಕಲಾರದೆ ಮಾರಿದವರ, ಮಾರಿಯೂ ಮರೆಯಲಾರದವರ ಕೂಟವಿದು.

ಇಂಥವರಿಬ್ಬರು ಸೇರಿದೆಡೆಯಲ್ಲಿ ಮಾತು ತಾವು ಹಿಂದೆ ಹೊಂದಿದ್ದ ಕಾರುಗಳತ್ತ ಹರಿಯುವುದು ಸಹಜ. ಐಶ್ವರ್ಯದ ಪ್ರದರ್ಶನವೇ ಆ ಮಾತಿನ ತಿರುಳಾಗಿದ್ದೀತೆಂದು ಹೊರಗಿನವರು ಶಂಕಿಸುವುದುಂಟು. ಕಿವಿಗೊಟ್ಟು ಕೇಳಿದವರಿಗೆ ಆ ಶಂಕೆ ಉಳಿಯದು. 1929ರಿಂದ 1936ರವರೆಗೆ ತಯಾರಾದ 20/25 ಮಾದರಿಯ ಒಡೆಯನಾಗಿದ್ದವನು ನೆನೆಯುವುದು ಪೀಠದ ಮೆತ್ತನೆಯನ್ನು ಅಷ್ಟಾಗಿ ಅಲ್ಲ. ಸ್ಟೀರಿಂಗ್ ಚಕ್ರದ ನಡುವಣ ಮೂರು ಪುಟ್ಟ ಹಿಡಿಗಳನ್ನು, ಮಾಗಿಯ ಮುಂಜಾನೆ ಕಿಡಿ ಹಾರುವ ಕಾಲವನ್ನು ತುಸು ತಡಮಾಡಿ, ಇಂಧನದ ಮಿಶ್ರಣವನ್ನು ಗಾಢಗೊಳಿಸಿ, ಎಂಜಿನ್ನು ಮೆಲ್ಲನೆ ಬೆಚ್ಚಗಾದಂತೆಲ್ಲ ಒಂದೊಂದನ್ನೇ ಸ್ವಸ್ಥಾನಕ್ಕೆ ತರುತ್ತಿದ್ದ ಆ ನಿತ್ಯವಿಧಿಯನ್ನು. ಬಲಗೈಯ ಮಗ್ಗುಲಲ್ಲಿದ್ದ ಗೇರಿನ ಕೋಲನ್ನು, ಎರಡು ಬಾರಿ ಕ್ಲಚ್ಚನ್ನು ತುಳಿದು, ಹಲ್ಲುಗಾಲಿಗಳ ವೇಗ ಒಂದಕ್ಕೊಂದು ಹೊಂದುವ ಕ್ಷಣವನ್ನು ಕಿವಿಯಿಂದಲೇ ಅರಿತು, ಸದ್ದಿಲ್ಲದೆ ಸ್ಥಾನಪಲ್ಲಟ ಮಾಡಿದ ದಿನದ ಸಂತೋಷವನ್ನು. ಪ್ರಯಾಣಕ್ಕೆ ಮುನ್ನ ಕಾಲಿನಿಂದ ಪೆಡಲೊಂದನ್ನು ಒತ್ತಿದರೆ ಷಾಸಿಯೆಂಬ ಅಡಿಚೌಕಟ್ಟಿನ ಕೀಲುಗಳಿಗೆ ಎಣ್ಣೆ ಹರಿಯುವ ಏರ್ಪಾಟು ಆ ಕಾರಿನಲ್ಲಿತ್ತು. ಅದನ್ನು ವರ್ಣಿಸುವಾಗ ಮುದುಕರ ಕಾಲು ತಾನಾಗಿ ನೆಲವನ್ನೊತ್ತುತ್ತದೆ. ಇವರ ಸ್ಮೃತಿ ಕೈಕಾಲುಗಳಲ್ಲಿಯೂ ಕಿವಿಯಲ್ಲಿಯೂ ಮನೆಮಾಡಿಕೊಂಡಿರುವಂಥದು. ಇವರ ಒಡೆತನ ಬಹುಮಟ್ಟಿಗೆ ಪರಿಚರ್ಯೆಯೇ ಆಗಿತ್ತು.

ಈ ಮನೋಧರ್ಮಕ್ಕೆ ಮೂಲಪುರುಷನನ್ನು ಹುಡುಕುವುದಾದರೆ, ಆತನು ಸ್ವತಃ ಹೆನ್ರಿ ರಾಯ್ಸನೇ ಎಂದು ನಾನು ಹೇಳುವೆನು. 1863ರಲ್ಲಿ ಬಡತನದಲ್ಲಿ ಹುಟ್ಟಿ, ಬಾಲ್ಯದಲ್ಲಿ ವೃತ್ತಪತ್ರಿಕೆಗಳನ್ನು ಮಾರಿ, ತಂತಿ ಸಂದೇಶಗಳನ್ನು ಹಂಚಿ, ಮುಂದೆ ಮ್ಯಾಂಚೆಸ್ಟರಿನ ಕುಕ್ ಸ್ಟ್ರೀಟಿನಲ್ಲಿ ವಿದ್ಯುದ್ಯಂತ್ರಗಳ ಕಾರ್ಖಾನೆಯನ್ನು ಕಟ್ಟಿದ ಈತನು, ಡೆಕೊವಿಲ್ ಎಂಬ ಫ್ರೆಂಚ್ ಕಾರೊಂದನ್ನು, ಅದನ್ನೂ ಬೇರೊಬ್ಬರು ಬಳಸಿಬಿಟ್ಟದ್ದನ್ನು, ಕೊಂಡುಕೊಂಡನು. ಅದರ ಒಂದೊಂದು ಭಾಗವನ್ನೂ ಬಿಚ್ಚಿ ನೋಡಿ, ಇದಕ್ಕಿಂತ ಉತ್ತಮವಾದದ್ದನ್ನು ತಾನು ಮಾಡಬಲ್ಲೆನೆಂದು ನಿಶ್ಚಯಿಸಿ, 1904ರ ಏಪ್ರಿಲ್ 1ರಂದು ತನ್ನದೇ ಎರಡು ಸಿಲಿಂಡರಿನ ಕಾರನ್ನು ರಸ್ತೆಗಿಳಿಸಿದನು. ಮರುತಿಂಗಳ 4ರಂದು ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಮುಂದೆ ತನ್ನ ಪಾಲುದಾರನಾದ ಚಾರ್ಲ್ಸ್ ರೋಲ್ಸನನ್ನು ಭೇಟಿಯಾದುದು ಎಲ್ಲರೂ ಬಲ್ಲ ಕಥೆ. ಜಗತ್ತಿನ ಅತ್ಯಂತ ಪ್ರತಿಷ್ಠಿತ ಕಾರಿನ ಪರಂಪರೆ ಹೀಗೆ ಹಳೆಯ ಕಾರೊಂದನ್ನು ಕೊಂಡು, ಸ್ಪ್ಯಾನರು ಹಿಡಿದು ಕುಳಿತ ಒಬ್ಬ ಒಡೆಯನಿಂದ ಆರಂಭವಾಯಿತೆಂಬುದನ್ನು ಮರೆಯದಿದ್ದರೆ, ಹಂಟ್ ಹೌಸಿನ ಮಂದಿಯ ಶ್ರದ್ಧೆ ಸುಲಭವಾಗಿ ಅರ್ಥವಾದೀತು. 1907ರಲ್ಲಿ ಬೆಳ್ಳಿಬಣ್ಣ ಬಳಿದು ಸಿಲ್ವರ್ ಘೋಸ್ಟ್ ಎಂದು ಹೆಸರಿಟ್ಟ ಕಾರನ್ನು, ಅದರ ಷಾಸಿ ಸಂಖ್ಯೆ 60551, ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಪರಿವೀಕ್ಷಕರ ಸಮಕ್ಷಮದಲ್ಲಿ 15,000 ಮೈಲಿ ಓಡಿಸಿ, ಅನಂತರ ಬಿಚ್ಚಿ ಅಳೆದಾಗ, ಸವೆದ ಭಾಗಗಳನ್ನು ಹೊಸದು ಮಾಡಲು ತಗುಲಿದ ವೆಚ್ಚ ಎರಡು ಪೌಂಡು ಚಿಲ್ಲರೆ ಮಾತ್ರವೆಂದು ಲೆಕ್ಕ ಬರೆದರು. ಓಡಿದ್ದನ್ನು ಮಾತ್ರವಲ್ಲದೆ ಸವೆದದ್ದನ್ನೂ ಬರೆದಿಡುವ ಈ ಪ್ರವೃತ್ತಿ ನನಗೆ ಬಹಳ ಮೆಚ್ಚಿಕೆಯಾದುದು.

ಆ ಪ್ರವೃತ್ತಿಯ ಫಲವೇ ಹಂಟ್ ಹೌಸಿನ ಮುಖ್ಯ ಸಂಪತ್ತು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ರೋಲ್ಸ್‌ರಾಯ್ಸ್ ಕಂಪನಿಯು ಮಾರುತ್ತಿದ್ದುದು ಪೂರ್ಣ ಕಾರನ್ನಲ್ಲ. ಎಂಜಿನ್ನು, ಚಕ್ರಗಳು, ಮುಂದಿನ ರೇಡಿಯೇಟರು ಇಷ್ಟನ್ನು ಹೊತ್ತ ಷಾಸಿಯನ್ನು ಮಾತ್ರ. ಕೊಂಡವನು ಅದನ್ನು ಬಾರ್ಕರ್, ಹೂಪರ್, ಪಾರ್ಕ್ ವಾರ್ಡ್ ಮೊದಲಾದ ರಥಶಿಲ್ಪಿಗಳಲ್ಲಿಗೆ ಕಳುಹಿಸಿ, ತನ್ನ ಅಭಿರುಚಿಗೆ ಒಪ್ಪುವ ಒಡಲನ್ನು ಕಟ್ಟಿಸಿಕೊಳ್ಳಬೇಕಾಗಿತ್ತು. ಆದಕಾರಣ ಒಂದರಂತೆ ಇನ್ನೊಂದು ಇರದ ಈ ಕಾರುಗಳಿಗೆ ಪ್ರತ್ಯೇಕ ದಾಖಲೆ ಅನಿವಾರ್ಯವಾಯಿತು. ಷಾಸಿಯ ಸಂಖ್ಯೆ, ಪರೀಕ್ಷೆಗೊಳಪಟ್ಟ ದಿನ, ಒಡಲು ಕಟ್ಟಿದವರ ಹೆಸರು, ಮೊದಲ ಗ್ರಾಹಕನ ಹೆಸರು, ಆತನು ಬಯಸಿದ ವಿಶೇಷಗಳು ಇವೆಲ್ಲವನ್ನು ಬರೆದಿಟ್ಟ ಪತ್ರಗಳು ಇಂದು ಹಂಟ್ ಹೌಸಿನ ಸಂಗ್ರಹದಲ್ಲಿವೆ; ಕಾರಿನ ಜಾತಕವೆಂದರೆ ಒಪ್ಪುವಂಥವು.

ಒಡೆಯರ ನೆನಪುಗಳು ಈ ಪತ್ರಗಳಿಗೆ ಎದುರಾಗಿ ನಿಲ್ಲುವಾಗಲೇ ಸಂಸ್ಥೆಯ ನಿಜವಾದ ಉಪಯುಕ್ತತೆ ಗೋಚರಿಸುವುದು. ಮಹಾರಾಜನೊಬ್ಬನ ಅಂಗಳದಲ್ಲಿ ನಿಂತಿದ್ದ ಕಾರು ತನ್ನದೆಂದು ಅಜ್ಜನಿಂದ ಕೇಳಿ ನಂಬಿದವನಿಗೆ, ಅದನ್ನು ಮೊದಲು ಕೊಂಡವನು ಯಾರೋ ಒಬ್ಬ ಗಿರಣಿಯ ಮಾಲೀಕನೆಂದು ಪತ್ರ ತಿಳಿಸಬಹುದು. ರೇಡಿಯೇಟರಿನ ಮೇಲಣ ಎರಡು ಆರ್ ಅಕ್ಷರಗಳ ಕೆಂಪು ಬಣ್ಣ ಕಪ್ಪಾದದ್ದು 1933ರಲ್ಲಿ ತೀರಿಕೊಂಡ ರಾಯ್ಸನ ಶೋಕಾರ್ಥವೆಂದು ಇಂದಿಗೂ ಎಷ್ಟೋ ಮಂದಿ ಹೇಳುತ್ತಾರೆ. ವಾಸ್ತವವಾಗಿ ಆ ಬದಲಾವಣೆಯನ್ನು ರಾಯ್ಸನ ಜೀವಿತಕಾಲದಲ್ಲಿಯೇ ನಿರ್ಧರಿಸಲಾಗಿತ್ತು. ಸ್ಮೃತಿಯನ್ನು ಪ್ರೀತಿಸುತ್ತಲೇ ಅದನ್ನು ದಾಖಲೆಯಿಂದ ಶೋಧಿಸುವ ಇಂಥ ಸಂಸ್ಥೆಗಳು ನಮ್ಮ ಕರಕುಶಲ ಕಲೆಗಳಿಗೂ ಇದ್ದಿದ್ದರೆ ಎಂದು ಅನ್ನಿಸದಿರದು.

ಶ್ರೀಮಂತರಲ್ಲದವರಿಗೂ ಈ ಕೂಟದಲ್ಲಿ ಸ್ಥಾನ ದೊರೆತದ್ದು ವಿಶೇಷವಾಗಿ 1965ರಲ್ಲಿ ಬಂದ ಸಿಲ್ವರ್ ಷ್ಯಾಡೊವಿನ ಕಾರಣದಿಂದ. ಹಿಂದಿನವಕ್ಕಿಂತ ಬಹುಸಂಖ್ಯೆಯಲ್ಲಿ ತಯಾರಾದ ಈ ಮಾದರಿಯ ಬೆಲೆ ಎರಡನೆಯ, ಮೂರನೆಯ ಕೈಗೆ ಬರುವ ಹೊತ್ತಿಗೆ ಸಂಬಳದ ಮನುಷ್ಯನ ಅಳವಿಗೆ ಬಂದಿತು; ಆದರೆ ರಿಪೇರಿಯ ವೆಚ್ಚ ಮೊದಲಿನ ಬೆಲೆಗೆ ತಕ್ಕಂತೆಯೇ ಉಳಿಯಿತು. ಪ್ರತ್ಯೇಕ ಷಾಸಿಯಿಲ್ಲದ ಇದರ ಒಡಲು ಅಡಿಯಿಂದ ತುಕ್ಕು ಹಿಡಿಯತೊಡಗಿದರೆ ಕಾರಿನ ಬೆನ್ನೆಲುಬೇ ಶಿಥಿಲವಾಗುವುದು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಿಂದ ಪರವಾನಗಿ ಪಡೆದ ಅಧಿಕ ಒತ್ತಡದ ಹೈಡ್ರಾಲಿಕ್ ವ್ಯವಸ್ಥೆ ಬ್ರೇಕುಗಳನ್ನೂ ಕಾರಿನ ಸಮತಲವನ್ನೂ ನೋಡಿಕೊಳ್ಳುತ್ತಿತ್ತು. ಅದಕ್ಕೆ ವಿಹಿತವಾದ ದ್ರವವನ್ನು ಬಿಟ್ಟು ಬೇರೊಂದನ್ನು ಸುರಿದರೆ ಸೀಲುಗಳೆಲ್ಲ ಕೆಟ್ಟು, ಕೊಂಡ ಬೆಲೆಯಷ್ಟೇ ಹಣ ರಿಪೇರಿಗೂ ಹೋಗುವ ಭಯವಿತ್ತು. ಆದುದರಿಂದ ಹಂಟ್ ಹೌಸಿನಲ್ಲಿ ಒಡೆಯರಿಗಾಗಿ ನಡೆಸುವ ತಾಂತ್ರಿಕ ಶಿಬಿರಗಳು ಈ ಸಂಸ್ಥೆಯ ಅತ್ಯಂತ ಶ್ಲಾಘ್ಯವಾದ ಕಾರ್ಯವೆಂದು ನನ್ನ ಭಾವನೆ. ತೋಳು ಮಡಿಸಿ, ಬಿಚ್ಚಿಟ್ಟ ಯಂತ್ರಭಾಗಗಳ ಮುಂದೆ ನಿಂತು ಕಲಿತವನು ಮುಂದೆ ಕಾರನ್ನು ಮಾರಬೇಕಾಗಿ ಬಂದರೂ, ಕಲಿತದ್ದು ಅವನಲ್ಲಿಯೇ ಉಳಿಯುತ್ತದೆ. ಅವನ ಮಾತಿನ ಸವಿಗೆ ಅದೇ ಕಾರಣ.

ಭಾರತಕ್ಕೂ ಈ ಕಥೆಗೂ ಸಂಬಂಧ ಬಹಳ ಹಿಂದಿನದು. 1908ರಲ್ಲಿ ಮುಂಬಯಿಗೆ ತಂದ ಸಿಲ್ವರ್ ಘೋಸ್ಟೊಂದು ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿಳಿದು ಕೊಲ್ಹಾಪುರದ ಓಟದಲ್ಲಿ ಕೀರ್ತಿ ಗಳಿಸಿದ ಮೇಲೆ ಸಂಸ್ಥಾನಿಕರ ಗಮನ ಇತ್ತ ಹರಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಒಂದೇ ಬಾರಿಗೆ ಹಲವು ರೋಲ್ಸ್‌ರಾಯ್ಸ್‌ಗಳನ್ನು ತರಿಸುತ್ತಿದ್ದರೆಂಬುದು ಕಾರುಪ್ರಿಯರ ವಲಯದಲ್ಲಿ ಪ್ರಸಿದ್ಧವಾದ ಮಾತು. ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹವನ್ನು ಕಂಡವರಿಗೆ, ಈ ಆಸಕ್ತಿ ನಮ್ಮ ನಾಡಿನಲ್ಲಿಯೂ ಬೇರೂರಿದೆಯೆಂದು ತಿಳಿದಿರುತ್ತದೆ. ಅಂಥ ಕಾರೊಂದು ತಮ್ಮ ಮನೆಯಲ್ಲಿದ್ದು, ಅದರ ಪೂರ್ವೋತ್ತರವನ್ನು ಅರಿಯಬೇಕೆಂಬ ಹಂಬಲವುಳ್ಳವರು, ಎಂಜಿನ್ನಿನ ಬಳಿ ತಟ್ಟೆಯ ಮೇಲೆ ಕೊರೆದಿರುವ ಷಾಸಿ ಸಂಖ್ಯೆಯನ್ನು ಜಾಗರೂಕತೆಯಿಂದ ಓದಿಕೊಂಡು ಪೌಲರ್ಸ್‌ಪರಿಗೆ ಬರೆದರೆ, ಸಂಗ್ರಹದಲ್ಲಿರುವ ಪತ್ರದ ಪ್ರತಿಯನ್ನು ಶುಲ್ಕ ಕೊಟ್ಟು ತರಿಸಿಕೊಳ್ಳಬಹುದು. ಬರೆಯುವ ಮುನ್ನ, ಆ ಕಾರನ್ನು ಓಡಿಸಿದ ಹಿರಿಯರು ಇನ್ನೂ ಇದ್ದರೆ, ಅವರ ಬಳಿ ಕುಳಿತು ಅವರು ಹೇಳುವುದನ್ನೂ ಬರೆದುಕೊಳ್ಳುವುದು ಲೇಸು.